ಹಳೇ 407 ಕ್ಯಾಂಪರ್: ಪವರ್ ಸ್ಟೀರಿಂಗ್ ಗುಂಯ್ ಅನ್ನುತ್ತದೆ, ಹೇರ್‌ಪಿನ್ನಲ್ಲಿ ಗಟ್ಟಿ. ಪಂಪ್ ಹೋಗಿದೆಯಾ?

ಆಲ್ದೂರು_407

ಗಾಡಿ 1994ರ ಟಾಟಾ 407. ಮೊದಲು ಶಾಲೆ ವ್ಯಾನ್ ಆಗಿತ್ತು, ಈಗ ಮನೆಮಂದಿಯ ತಿರುಗಾಟದ ಗಾಡಿ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಸಿಂಕು, ಡ್ರೈವರ್ ಸೀಟಿನ ಹಿಂದೆ 200 ಲೀಟರ್ ನೀರಿನ ಟ್ಯಾಂಕು, ಕ್ಯಾಬಿನ್ ಮೇಲೆ ಮಕ್ಕಳು ಮಲಗುವ ಅಟ್ಟ. ಆರ್‌ಸಿಯಲ್ಲಿ ಬದಲಾವಣೆ ಆಗಿದೆ, ದಯವಿಟ್ಟು ಆ ವಿಷಯ ಎತ್ತಬೇಡಿ.

ಕಂಪನಿಯಿಂದ ಬಂದಾಗ ಇದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ. ಹಳೇ ಮಾಲೀಕರು ಹೊಸ ಮಾಡೆಲ್ಲಿನ ಸ್ಟೀರಿಂಗ್ ಬಾಕ್ಸು, ಅದಕ್ಕೆ ಆಯಿಲ್ ತಳ್ಳುವ ಪಂಪು ತಂದು ಕೂರಿಸಿದ್ದರು. ಪಂಪ್ ಬೆಲ್ಟಿನಲ್ಲಿ ಓಡುತ್ತದೆ.

ಈಗಿನ ತೊಂದರೆ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ಟೀರಿಂಗ್ ತಿರುಗಿಸಿದರೆ ಗುಂಯ್ ಅಂತ ಶಬ್ದ. ನಿಂತಲ್ಲಿ, ಮತ್ತೆ ನಿಧಾನದ ಹೇರ್‌ಪಿನ್ನಲ್ಲಿ ಗಟ್ಟಿ. ಆಕ್ಸಿಲೇಟರ್ ಕೊಟ್ಟರೆ ಸ್ವಲ್ಪ ಹಗುರ. ಇನ್ನೊಂದು, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಎಳೆದು ನೇರ ಮಾಡಬೇಕು. ಚಾರ್ಮಾಡಿ ಇಳಿಯುವಾಗ ಭುಜ ಬಿದ್ದುಹೋಯಿತು. ಗಾಡಿ ಕೆಳಗೆ ಒಂದು ಹನಿ ಆಯಿಲ್ ಇಲ್ಲ.

ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲೇ "ಪಂಪ್ ಹೋಗಿದೆ, ಬದಲಾಯಿಸೋಣ. ಅದರಲ್ಲೂ ಆಗದಿದ್ದರೆ ಬಾಕ್ಸು" ಅಂದರು. ದುಡ್ಡು ಹಾಕುವ ಮೊದಲು ತಿಳಿದವರು ಹೇಳಿ.

ಬೆಲ್ಟ್_ಬಸಣ್ಣ

ಪಂಪೇ. ಐಡಲಿನಲ್ಲಿ ಗಟ್ಟಿ, ರೇಸ್ ಕೊಟ್ಟರೆ ಹಗುರ ಅಂದರೆ ಪಂಪ್ ಸವೆದಿದೆ ಅಂತಲೇ. ಇದರಲ್ಲಿ ಚರ್ಚೆ ಏನಿದೆ?

ಸಕಲೇಶಪುರ_ಲೋಡ್

ಬಸಣ್ಣನವರೇ, ಅದೇ ಲಕ್ಷಣ ಬೆಲ್ಟ್ ಜಾರಿದರೂ ಬರುತ್ತದೆ. ಆಯಿಲಿನಲ್ಲಿ ಏರ್ ಹಿಡಿದಿದ್ದರೂ ಬರುತ್ತದೆ. ನಿಮ್ಮ ಹೆಸರಲ್ಲೇ ಬೆಲ್ಟ್ ಇದೆ, ಬೆಲ್ಟ್ ಬಗ್ಗೆ ಒಂದು ಮಾತಿಲ್ಲ.

ಬೆಲ್ಟ್_ಬಸಣ್ಣ

ಬೆಲ್ಟ್ ಜಾರಿದರೆ ಕೀಚ್ ಅನ್ನುತ್ತದೆ, ಗುಂಯ್ ಅನ್ನುವುದಿಲ್ಲ.

ಜಾಕಿ_ಮಾಮ

ಹಾಸನದಿಂದ ಬರೆಯುತ್ತಿದ್ದೇನೆ, ಇದೇ ಕಸುಬು. ಆಲ್ದೂರಿನವರೇ, ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದೇ ಔಷಧಿಗೆ ಹೋಗುವುದಿಲ್ಲ.

ಗುಂಯ್ ಅನ್ನುವುದು ಮತ್ತೆ ಐಡಲಿನಲ್ಲಿ ಗಟ್ಟಿ ಆಗುವುದು ಆಯಿಲ್ ಕಡೆಯದು. ಪಂಪು, ಬೆಲ್ಟು, ಹೋಸು, ಫಿಲ್ಟರು, ಏರ್, ಇಷ್ಟರಲ್ಲಿ ಯಾವುದೋ ಒಂದು. ಆದರೆ ಸ್ಟೀರಿಂಗ್ ವಾಪಸ್ ಬರದೇ ಇರುವುದು ಸಾಮಾನ್ಯವಾಗಿ ಪಂಪಿನ ಕೆಲಸ ಅಲ್ಲ. ಪಂಪ್ ತಿರುಗಿಸಲು ಸಹಾಯ ಮಾಡುತ್ತದೆ. ವಾಪಸ್ ತರುವುದು ಕಿಂಗ್ ಪಿನ್ನಿನ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿನ್ನು) ಓರೆ, ಕ್ಯಾಸ್ಟರ್ (ಆ ಪಿನ್ನು ಹಿಂದಕ್ಕೆ ವಾಲಿರುವುದು), ಟೈರು. ಅಲ್ಲಿ ಏನೋ ಬಿಗಿ ಹಿಡಿದಿದೆ.

ಹೀಗೆ ಮಾಡಿ. ಮುಂದಿನ ಎರಡೂ ಚಕ್ರ ನೆಲದಿಂದ ಮೇಲೆತ್ತಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಜಾಕಿ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಆಫ್. ಈಗ ಸ್ಟೀರಿಂಗನ್ನು ಈ ಲಾಕಿನಿಂದ ಆ ಲಾಕಿಗೆ, ಅಂದರೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ತಿರುಗಿಸಿ. ನೆಲದ ಭಾರ ಇಲ್ಲ, ಪಂಪ್ ಓಡುತ್ತಿಲ್ಲ, ಒಂದೇ ಸಮ ತಿರುಗಬೇಕು. ಆಗಲೂ ಗಟ್ಟಿ ಇದ್ದರೆ ಡ್ರಾಪ್ ಆರ್ಮಿನಿಂದ (ಬಾಕ್ಸಿನಿಂದ ಇಳಿಯುವ ತೋಳು) ಡ್ರ್ಯಾಗ್ ಲಿಂಕ್ (ಅದನ್ನು ಚಕ್ರಕ್ಕೆ ಜೋಡಿಸುವ ರಾಡು) ಬಿಚ್ಚಿ ಮತ್ತೆ ತಿರುಗಿಸಿ. ಈಗ ಹಗುರ ಆಯಿತು ಅಂದರೆ ಬಾಕ್ಸ್ ಸರಿ ಇದೆ, ತೊಂದರೆ ಆಕ್ಸಲ್ ಕಡೆ. ಹಾಗೇ ಗಟ್ಟಿ ಇದ್ದರೆ ಬಾಕ್ಸು, ಇಲ್ಲವೇ ಮೇಲಿನ ಕಾಲಮ್ಮಿನ ಜಾಯಿಂಟು. ಒಂದು ಸಂಜೆಯ ಕೆಲಸ, ಖರ್ಚಿಲ್ಲ. ಇದಾಗದೆ ಪಂಪಿನ ಮಾತು ಬೇಡ.

ನೀರುದೋಸೆ

ಚಾರ್ಮಾಡಿ ಇಳಿದೆ ಅಂದ್ರಲ್ಲ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ್ರಾ?

ಆಲ್ದೂರು_407

@ನೀರುದೋಸೆ ತಿಂದ್ವಿ. ಅಲ್ಲಿ ಗಾಡಿ ರಿವರ್ಸ್ ತೆಗೆಯುವಾಗಲೇ ಗೊತ್ತಾಗಿದ್ದು ಸ್ಟೀರಿಂಗ್ ಎಷ್ಟು ಕೆಟ್ಟಿದೆ ಅಂತ.

@ಜಾಕಿ_ಮಾಮ ಭಾನುವಾರ ನೋಡುತ್ತೇನೆ. ಕೊಯ್ಲು ನಡೀತಿದೆ, ಕೆಲಸದವರನ್ನು ಬಿಟ್ಟು ಬರುವುದು ಕಷ್ಟ.

ಮೂಡಿಗೆರೆ_ಜೀಪು

ಆಯಿಲ್ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ ಅಲ್ವಾ? ಗಾಡಿ ಓಡಿಸಿ ಬಂದ ತಕ್ಷಣ ಸ್ಟೀರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ನೊರೆ ಇದ್ದರೆ ಏರ್ ಎಳೀತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ಬಿಸಿಯಾಗಿದೆ. ಎರಡು ಬೆರಳಿನ ಮಧ್ಯೆ ತಿಕ್ಕಿ ಬಿಸಿಲಿಗೆ ಹಿಡಿಯಿರಿ. ಮಿಣುಕು ಪುಡಿ ಕಂಡರೆ ಆಗ ಬಸಣ್ಣ ಹೇಳಿದ್ದು ಸರಿ, ಪಂಪ್ ಒಳಗೆ ಸವೀತಿದೆ.

ನಮ್ಮ ತೋಟದ ಪಿಕಪ್ಪಿಗೆ ಡ್ರೈವರ್ ಒಬ್ಬ ಆಯಿಲ್ ಕಡಿಮೆ ಇದೆ ಅಂತ ಬ್ರೇಕ್ ಆಯಿಲ್ ಸುರಿದಿದ್ದ. ಸೀಲೆಲ್ಲ ಉಬ್ಬಿ ಮೆತ್ತಗಾಗಿ ಬಾಕ್ಸಿನ ನಾಲ್ಕೂ ಕಡೆಯಿಂದ ಸೋರಲು ಶುರುವಾಯಿತು. ಯಾರೂ ಆ ಕೆಲಸ ಮಾಡಬೇಡಿ.

ಹೊಸಬ_ಹಾಸನ

ಹಾಗಾದರೆ ಯಾವ ಆಯಿಲ್ ಹಾಕಬೇಕು? ಎಂಜಿನ್ ಆಯಿಲ್ ಆಗುತ್ತದಾ?

ಜಾಕಿ_ಮಾಮ

ಪಂಪಿನ ಕಂಪನಿ ಏನು ಹೇಳಿದೆಯೋ ಅದು. ಬಹುತೇಕ ಕಡೆ ಕೆಂಪು ಬಣ್ಣದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್), ಡೆಕ್ಸ್ರಾನ್ ದರ್ಜೆಯದು. ಎಂಜಿನ್ ಆಯಿಲ್ ಚಳಿಯಲ್ಲಿ ದಪ್ಪ ಆಗುತ್ತದೆ, ಪಂಪಿಗೆ ಎಳೆಯಲು ಕಷ್ಟ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಹಾಕಿಕೊಂಡು ಊರು ಸೇರಿದವರು ಇದ್ದಾರೆ. ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ.

ಡೆನ್ವರ್_ಹುಡುಗ

ನಾನು ಬೇಲೂರಿನವನು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿ ಹಳೇ ಮೋಟಾರ್‌ಹೋಮ್ ಇಟ್ಟುಕೊಂಡವರದೂ ಇದೇ ಗೋಳು. ಪಕ್ಕದ ಮನೆಯವರ ಹತ್ತಿರ 1976ರ ಜಿಎಂಸಿ ಮೋಟಾರ್‌ಹೋಮ್ ಇದೆ. ಜಿಎಂಸಿ ಅದನ್ನು 1973ರಿಂದ 1978ರವರೆಗೆ ಮಾಡಿತು. ಮುಂದಿನ ಚಕ್ರಕ್ಕೇ ಡ್ರೈವ್, ಹಾಗಾಗಿ ಎಂಜಿನ್ನು ಗೇರ್‌ಬಾಕ್ಸು ಎಲ್ಲದರ ಭಾರ ಮುಂದೆಯೇ. ಪವರ್ ಸ್ಟೀರಿಂಗ್ ಕೈಕೊಟ್ಟರೆ ಅದನ್ನು ಅಲ್ಲಾಡಿಸಲೂ ಆಗುವುದಿಲ್ಲ.

ಇನ್ನೊಂದು ವಿಷಯ. ಇಲ್ಲಿಯ ಕೆಲವು ಹಳೇ ಮೋಟಾರ್‌ಹೋಮ್‌ಗಳಲ್ಲಿ ಬ್ರೇಕ್ ಬೂಸ್ಟರ್ ಕೂಡ ಪವರ್ ಸ್ಟೀರಿಂಗ್ ಪಂಪಿನ ಆಯಿಲಿನಿಂದಲೇ ಕೆಲಸ ಮಾಡುತ್ತದೆ. ಸ್ಟೀರಿಂಗೂ ಬ್ರೇಕೂ ಒಟ್ಟಿಗೆ ಗಟ್ಟಿಯಾದರೆ ಪಂಪು ಅಥವಾ ಬೆಲ್ಟು ಅಂತ ಥಟ್ಟನೆ ಗೊತ್ತಾಗುತ್ತದೆ. 407ರಲ್ಲಿ ಆ ವ್ಯವಸ್ಥೆ ಇಲ್ಲ, ಆ ಸುಳಿವು ನಿಮಗೆ ಸಿಗುವುದಿಲ್ಲ.

ಸಕಲೇಶಪುರ_ಲೋಡ್

ಮುಂದಿನ ಚಕ್ರಕ್ಕೆ ಡ್ರೈವ್ ಅಂದರೆ ನಮ್ಮ ಮಟಡೋರೂ ಹಾಗೇ ಇತ್ತು. ಮಳೆಗಾಲದಲ್ಲಿ ಲೋಡ್ ಹಾಕಿಕೊಂಡು ಏರು ಹತ್ತಿಸುವಾಗ ಮುಂದಿನ ಚಕ್ರ ಸುಮ್ನೆ ತಿರುಗುತ್ತಿತ್ತು, ಗಾಡಿ ಅಲ್ಲೇ.

ಬೆಲ್ಟ್_ಬಸಣ್ಣ

ಮಟಡೋರ್ ಬಗ್ಗೆ ಕೆಟ್ಟದ್ದು ಮಾತಾಡಬೇಡಿ. ನಮ್ಮ ಮನೆ ಕಟ್ಟಿದ ಇಟ್ಟಿಗೆಯೆಲ್ಲ ಅದರಲ್ಲೇ ಬಂದಿದ್ದು.

ಲೇತ್_ಮೇಷ್ಟ್ರು

ಬಸಣ್ಣ ಪಂಪ್ ಅನ್ನುತ್ತಾರೆ, ಬೇರೆಯವರು ಅಲ್ಲ ಅನ್ನುತ್ತಾರೆ. ಅಳತೆ ಮಾಡದೆ ಎಷ್ಟು ಹೊತ್ತು ಜಗಳ? ಪಂಪಿಗೂ ಬಾಕ್ಸಿಗೂ ನಡುವಿನ ಪ್ರೆಷರ್ ಪೈಪಿನಲ್ಲಿ ಒತ್ತಡ ಅಳೆಯುವ ಒಂದು ಗೇಜು, ಗೇಜಿನ ಆಚೆ ಬಾಕ್ಸಿನ ಕಡೆಗೆ ಒಂದು ವಾಲ್ವು ಕೂರಿಸಿ. ಗೇಜು 200 ಬಾರ್ ತನಕ ಇರಲಿ. ಚಿಕ್ಕದು ಹಾಕಿದರೆ ಒಡೆದು ಮುಖಕ್ಕೆ ಬರುತ್ತದೆ.

ಎಂಜಿನ್ ಐಡಲಿನಲ್ಲಿ, ಆಯಿಲ್ ಬೆಚ್ಚಗಿರಬೇಕು. ವಾಲ್ವ್ ಪೂರ್ತಿ ಮುಚ್ಚಿ, ಗೇಜ್ ಓದಿ, ತಕ್ಷಣ ಬಿಡಿ. ಐದು ಸೆಕೆಂಡ್ ದಾಟಬಾರದು, ದಾಟಿದರೆ ಚೆನ್ನಾಗಿದ್ದ ಪಂಪೂ ಸುಟ್ಟುಹೋಗುತ್ತದೆ. ಪಂಪಿನ ಮೇಲೆ ಅಥವಾ ಬಾಕ್ಸಿನ ಪ್ಲೇಟಿನ ಮೇಲೆ ಗರಿಷ್ಠ ಒತ್ತಡ ಬರೆದಿದ್ದರೆ ಅದಕ್ಕೆ ಹೋಲಿಸಿ. ಅಷ್ಟು ಬಂದರೆ ಪಂಪ್ ಸರಿ. ಬರದಿದ್ದರೆ ಪಂಪು, ಇಲ್ಲವೇ ಒತ್ತಡ ಮಿತಿ ಮೀರದಂತೆ ತೆರೆಯುವ ಅದರ ರಿಲೀಫ್ ವಾಲ್ವು.

ಆಮೇಲೆ ವಾಲ್ವ್ ತೆರೆದೇ ಇಟ್ಟು ಸ್ಟೀರಿಂಗ್ ಪೂರ್ತಿ ತಿರುಗಿಸಿ ಒತ್ತಿ ಹಿಡಿಯಿರಿ. ಮೊದಲಿನಷ್ಟೇ ಒತ್ತಡ ಬಂದರೆ ಬಾಕ್ಸೂ ಸರಿ. ಕಡಿಮೆ ಬಂದರೆ ಬಾಕ್ಸ್ ಒಳಗೇ ಲೀಕ್. ಇಲ್ಲಿ ಒಂದು ಮೋಸ ಇದೆ. ಕೆಲವು ಬಾಕ್ಸಿನಲ್ಲಿ ಲಾಕ್ ಹತ್ತಿರ ಬಂದಾಗ ಒತ್ತಡ ಇಳಿಸುವ ಚಿಕ್ಕ ವಾಲ್ವ್ ಇರುತ್ತದೆ. ಅದು ತೆರೆದರೆ ಗೇಜ್ ಕಡಿಮೆ ತೋರಿಸುತ್ತದೆ, ಬಾಕ್ಸ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಅದಕ್ಕೇ ಚಕ್ರ ಮಿತಿ ಮೀರಿ ತಿರುಗದಂತೆ ತಡೆಯುವ ಆಕ್ಸಲ್ ಸ್ಟಾಪ್ ಬೋಲ್ಟಿನ ಮುಂದೆ ಒಂದು ಕಬ್ಬಿಣದ ತುಂಡು ಇಟ್ಟು, ಲಾಕ್ ಸ್ವಲ್ಪ ಮೊದಲೇ ತಡೆಯುವ ಹಾಗೆ ಮಾಡಿ ಅಳೆಯುವುದು. ತುಂಡು ಇಟ್ಟವರು ಕೈ ಹೊರಗೆ ತೆಗೆದ ಮೇಲೆ ಇನ್ನೊಬ್ಬರು ಸ್ಟೀರಿಂಗ್ ಮುಟ್ಟಬೇಕು.

ಬೆಲ್ಟ್_ಬಸಣ್ಣ

ಮೇಷ್ಟ್ರೇ, ಈ ಗೇಜು ನಮ್ಮ ಕಡೆ ಎಷ್ಟು ಗ್ಯಾರೇಜಿನಲ್ಲಿದೆ? ಹೇಳಿ ನೋಡೋಣ.

ಲೇತ್_ಮೇಷ್ಟ್ರು

ಜೆಸಿಬಿ, ಟ್ರ್ಯಾಕ್ಟರ್ ಹೈಡ್ರಾಲಿಕ್ ರಿಪೇರಿ ಮಾಡುವವರ ಹತ್ತಿರ ಹೋಗಿ ಕೇಳಿ. ಗೇಜೂ ಇರುತ್ತದೆ, ಪೈಪಿಗೆ ಫಿಟ್ಟಿಂಗೂ ಮಾಡಿಕೊಡುತ್ತಾರೆ. ತೋಟ ಇರುವ ಊರಿನಲ್ಲಿ ಅಂಥವರಿಗೆ ಬರವೇ?

ದೊಡ್ಡಪ್ಪನ_ಬಸ್ಸು

ನಮ್ಮ ದೊಡ್ಡಪ್ಪ ಪವರ್ ಸ್ಟೀರಿಂಗ್ ಇಲ್ಲದ ಬಸ್ಸಿನಲ್ಲಿ ಶಿರಾಡಿ ಹತ್ತಿ ಇಳಿದವರು. ಒಂದು ಕೈಯಲ್ಲಿ ಬೀಡಿ. ಈಗಿನವರಿಗೆ ಎಲ್ಲವೂ ಹಗುರ ಆಗಬೇಕು. ಕಿತ್ತು ಬಿಸಾಕಿ ಹಳೇ ಬಾಕ್ಸ್ ಹಾಕಿಸಿ, ಈ ತಲೆನೋವೇ ಇರುವುದಿಲ್ಲ.

ಮೂಡಿಗೆರೆ_ಜೀಪು

ನಿಮ್ಮ ದೊಡ್ಡಪ್ಪನ ಬಸ್ಸಿನ ಸ್ಟೀರಿಂಗ್ ಚಕ್ರ ಎಷ್ಟು ದೊಡ್ಡದಿತ್ತು ನೆನಪಿದೆಯಾ? ಬಾಕ್ಸಿನ ಗೇರ್ ಲೆಕ್ಕವೂ ಬೇರೆ. ಜಾಸ್ತಿ ಸುತ್ತು ತಿರುಗಿಸಬೇಕಿತ್ತು, ಅದಕ್ಕೆ ಕೈಗೆ ತಡೆಯುತ್ತಿತ್ತು. ಪವರ್ ಬಾಕ್ಸ್ ಹಾಕಿದ ಗಾಡಿಯಲ್ಲಿ ಪವರ್ ಹೋದರೆ ಅದಕ್ಕಿಂತ ಗಟ್ಟಿ. ಬೀಡಿ ಹಿಡಿಯಲು ಕೈ ಖಾಲಿ ಇರುವುದಿಲ್ಲ.

ಸಕಲೇಶಪುರ_ಲೋಡ್

ಮೂಡಿಗೆರೆ ಅಕ್ಕ ಹೇಳಿದ್ದು ನಿಜ. ಬೆಲ್ಟ್ ಹರಿದರೂ ಸ್ಟೀರಿಂಗ್ ಪೂರ್ತಿ ಕೈಬಿಡುವುದಿಲ್ಲ, ಕಬ್ಬಿಣದ ಜೋಡಣೆ ಹಾಗೇ ಇರುತ್ತದೆ. ಆದರೆ ತಿರುವಿನ ನಡುವೆ ಒಮ್ಮೆಲೇ ಗಟ್ಟಿಯಾದರೆ ಎದೆ ಝಲ್ ಅನ್ನುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡುವ ಪುಣ್ಯಾತ್ಮರು ಇದನ್ನು ಓದಿಕೊಳ್ಳಲಿ.

ಆಲೂಗಡ್ಡೆ_ಗೌಡ

ಭಾರದ ಬಗ್ಗೆ ಯಾರೂ ಮಾತಾಡಿಲ್ಲ. ಡ್ರೈವರ್ ಸೀಟಿನ ಹಿಂದೆ 200 ಲೀಟರ್ ನೀರು ಅಂದರೆ 200 ಕೆಜಿ, ಟ್ಯಾಂಕಿನದು ಬೇರೆ. ಕ್ಯಾಬಿನ್ ಮೇಲೆ ಅಟ್ಟ. ಇದರಲ್ಲಿ ಬಹಳಷ್ಟು ಬೀಳುವುದು ಮುಂದಿನ ಆಕ್ಸಲ್ ಮೇಲೆ. ಹಾಸನದಲ್ಲಿ ಆಲೂಗಡ್ಡೆ, ಶುಂಠಿ ಲಾರಿ ತೂಗುವ ವೇ ಬ್ರಿಡ್ಜ್ ಬೇಕಾದಷ್ಟಿವೆ. ಟ್ಯಾಂಕ್ ತುಂಬಿಸಿ, ಮುಂದಿನ ಚಕ್ರ ಮಾತ್ರ ಪ್ಲೇಟ್ ಮೇಲೆ ನಿಲ್ಲಿಸಿ ತೂಗಿಸಿ. ಆಮೇಲೆ ಪೂರ್ತಿ ಗಾಡಿ. ಮುಂದೆ ಎಷ್ಟು, ಹಿಂದೆ ಎಷ್ಟು ಗೊತ್ತಾಗುತ್ತದೆ.

ಟೈರಿನ ಗಾಳಿಯನ್ನೂ ನೋಡಿ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಯಾವ ಪಂಪ್ ಹಾಕಿದರೂ ಗಟ್ಟಿಯೇ. ಅಗಲದ ಟೈರ್ ಹಾಕಿಸಿದ್ದರೆ ಇನ್ನೂ ಗಟ್ಟಿ.

ಜಾಕಿ_ಮಾಮ

ಗೌಡ್ರು ಒಳ್ಳೇ ಮಾತು ಹೇಳಿದರು. ಅದಕ್ಕೇ ಒಂದು ಸೇರಿಸುತ್ತೇನೆ. ಹಿಂದೆ ಭಾರ ಜಾಸ್ತಿಯಾಗಿ ಸ್ಪ್ರಿಂಗ್ ಪ್ಲೇಟ್ ಕೂತಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ, ಕ್ಯಾಸ್ಟರ್ ಜಾಸ್ತಿ ಆಗುತ್ತದೆ. ಆಗ ಸ್ಟೀರಿಂಗ್ ಗಟ್ಟಿ, ಆದರೆ ಚೆನ್ನಾಗಿ ವಾಪಸ್ ಬರುತ್ತದೆ. ಹಿಂದೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿ ಎತ್ತರ ಮಾಡಿದ್ದರೆ ಉಲ್ಟಾ. ಕ್ಯಾಸ್ಟರ್ ಕಡಿಮೆ ಆಗಿ ವಾಪಸ್ ಬರುವುದಿಲ್ಲ, ನೇರ ರಸ್ತೆಯಲ್ಲಿ ಗಾಡಿ ಅತ್ತಿತ್ತ ಓಡುತ್ತದೆ. ಆಲ್ದೂರಿನವರೇ, ಹಿಂದೆ ಪ್ಲೇಟ್ ಸೇರಿಸಿದ್ದೀರಾ?

ಆಲ್ದೂರು_407

ಇಲ್ಲ ಮಾಮ, ಹಿಂದಿನದು ಮೊದಲಿನ ಹಾಗೇ ಇದೆ. ನೇರ ರಸ್ತೆಯಲ್ಲಿ ಗಾಡಿ ಸರಿಯಾಗಿ ಹೋಗುತ್ತದೆ. ಪ್ಲೇ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಆಡುವ ಸಡಿಲ) ಸ್ವಲ್ಪ ಇದೆ, ಎರಡು ಬೆರಳಿನಷ್ಟು.

ಚಿಕ್ಕಮಗಳೂರು_ಸ್ಪೀಡ್

ಪ್ಲೇ ಇದ್ದರೆ ಬಾಕ್ಸ್ ಮೇಲೊಂದು ಸ್ಕ್ರೂ ಇರುತ್ತದೆ, ಅರ್ಧ ಸುತ್ತು ಟೈಟ್ ಮಾಡಿ. ಮುಗೀತು.

ಲೇತ್_ಮೇಷ್ಟ್ರು

ದಯವಿಟ್ಟು ಮಾಡಬೇಡಿ. ಆ ಸ್ಕ್ರೂ ಇರುವುದು ಬಾಕ್ಸಿನೊಳಗೆ ಡ್ರಾಪ್ ಆರ್ಮ್ ತಿರುಗಿಸುವ ಸೆಕ್ಟರ್ ಶಾಫ್ಟಿನ ಹಲ್ಲು ನೇರ ಸ್ಥಿತಿಯಲ್ಲಿ ಎಷ್ಟು ಬಿಗಿ ಕೂರಬೇಕು ಅಂತ ಹೊಂದಿಸಲು. ಜಾಸ್ತಿ ಬಿಗಿದರೆ ನಡುವಿನಲ್ಲೇ ಹಿಡಿಯುತ್ತದೆ, ವಾಪಸ್ ಬರುವುದೂ ನಿಲ್ಲುತ್ತದೆ. ಆಲ್ದೂರಿನವರಿಗೆ ಈಗಾಗಲೇ ಇರುವ ತೊಂದರೆಯೇ ಅದು! ಯಾರಾದರೂ ಮೊದಲೇ ಬಿಗಿದಿದ್ದಾರಾ ಅಂತಲೂ ನೋಡಬೇಕು. ಪ್ಲೇ ಹುಡುಕುವುದಾದರೆ ಒಬ್ಬರು ಎಂಜಿನ್ ಆನ್ ಇಟ್ಟು ಸ್ಟೀರಿಂಗ್ ಸ್ವಲ್ಪ ಸ್ವಲ್ಪ ಆಚೆ ಈಚೆ ಮಾಡಲಿ, ಇನ್ನೊಬ್ಬರು ಪ್ರತಿಯೊಂದು ಬಾಲ್ ಜಾಯಿಂಟಿನ ಮೇಲೆ ಕೈಯಿಟ್ಟು ನೋಡಲಿ. ಯಾವುದು ಅಲ್ಲಾಡುತ್ತದೋ ಅದೇ.

ಚಿಕ್ಕಮಗಳೂರು_ಸ್ಪೀಡ್

ನನ್ನ ಗಾಡಿಗೆ ಮಾಡಿದೆ, ಚೆನ್ನಾಗೇ ಓಡ್ತಿದೆ.

ಲೇತ್_ಮೇಷ್ಟ್ರು

ಸಂತೋಷ. ಎದುರಿಗೆ ನಾನು ಬರುವಾಗ ಹಾರ್ನ್ ಹೊಡೆಯಿರಿ.

ಪ್ರವಾಸಿ_ಪಾಪು

ಒಂದು ಪ್ರಶ್ನೆ. ಇಂಥ ಗಾಡಿ ತಗೊಂಡು ಮುಳ್ಳಯ್ಯನಗಿರಿಗೆ ಹೋಗಬಹುದಾ? ಮೇಲೆ ರಾತ್ರಿ ಮಲಗುವ ಆಸೆ.

ಮೂಡಿಗೆರೆ_ಜೀಪು

1930 ಮೀಟರ್ ಎತ್ತರದಲ್ಲಿ ಮಲಗುವ ಆಸೆ ಎಲ್ಲರಿಗೂ ಇದೆ. ಕೈಮರ ದಾಟಿದ ಮೇಲೆ ರಸ್ತೆ ಸಪೂರ. ಎದುರಿಗೆ ಜೀಪ್ ಬಂದರೆ ನಿಮ್ಮ ಎತ್ತರದ ಗಾಡಿ ರಿವರ್ಸ್ ತೆಗೆಯಬೇಕು. ವಾರದ ಕೊನೆಯಲ್ಲಿ ಆ ಸಾಹಸ ಬೇಡ. ಗಾಡಿ ಕೆಳಗೇ ಬಿಟ್ಟು ಹೋಗಿ.

ಪ್ರವಾಸಿ_ಪಾಪು

ಹಾಗಾದರೆ ಗಾಡಿ ನಿಲ್ಲಿಸಲು ತೋಟದಲ್ಲಿ ಜಾಗ ಕೊಡುವವರು ಯಾರಾದರೂ ಇದ್ದಾರಾ?

ಆಲೂಗಡ್ಡೆ_ಗೌಡ

ಸ್ಟೀರಿಂಗ್ ವಿಷಯಕ್ಕೆ ಬನ್ನಿ ಮಾರಾಯ್ರೇ.

ಆಲ್ದೂರು_407

ನೋಡಿದೆ. ಬರೆಯಲು ಬಹಳ ಇದೆ.

ಮೊದಲು ಆಯಿಲ್. ಓಡಿಸಿ ಬಂದು ಡಬ್ಬಿ ತೆಗೆದರೆ ಹಾಲು ಕರೆದ ಚೆಂಬಿನ ಹಾಗೆ ಮೇಲೆಲ್ಲ ನೊರೆ, ನಸುಗೆಂಪು ಬಣ್ಣ. ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದೆ, ಮಿಣುಕು ಪುಡಿ ಇಲ್ಲ. ಡಬ್ಬಿಯೊಳಗಿನ ಫಿಲ್ಟರ್ ಕಪ್ಪಾಗಿತ್ತು, ಆದರೆ ಲೋಹದ ಚೂರು ಕಾಣಲಿಲ್ಲ.

ಆಮೇಲೆ ಮುಂದಿನ ಚಕ್ರ ಎತ್ತಿ ಎಂಜಿನ್ ಆಫ್ ಇಟ್ಟು ತಿರುಗಿಸಿದೆ. ಗಟ್ಟಿ! ನೆಲ ಮುಟ್ಟದಿದ್ದರೂ ಎರಡು ಕೈಯಲ್ಲಿ ಎಳೆಯಬೇಕಾಯಿತು. ಡ್ರ್ಯಾಗ್ ಲಿಂಕ್ ಬಿಚ್ಚಿದೆ. ಬಾಲ್ ಜಾಯಿಂಟ್ ತುಕ್ಕು ಹಿಡಿದು ಬರುತ್ತಿರಲಿಲ್ಲ, ಸುತ್ತಿಗೆಯಲ್ಲಿ ಪಕ್ಕಕ್ಕೆ ಬಡಿದ ಮೇಲೆ ಬಂತು. ಬಿಚ್ಚಿದ ಮೇಲೆ ಸ್ಟೀರಿಂಗ್ ಒಂದು ಲಾಕಿನಿಂದ ಇನ್ನೊಂದಕ್ಕೆ ಒಂದೇ ಸಮ ತಿರುಗುತ್ತದೆ, ಎಲ್ಲೂ ಹಿಡಿಯುವುದಿಲ್ಲ. ಅಂದರೆ ಬಾಕ್ಸ್ ಬಚಾವ್ ಅಲ್ವಾ ಮಾಮ?

ಕೈಯಲ್ಲಿ ಚಕ್ರ ಹಿಡಿದು ತಿರುಗಿಸಿದರೆ ಎರಡೂ ಗಟ್ಟಿ ಅನಿಸಿತು.

ಜಾಕಿ_ಮಾಮ

ಬಾಕ್ಸ್ ಬಚಾವ್. ಎರಡೂ ಗಟ್ಟಿ ಅನಿಸುವುದು ಟೈ ರಾಡ್ ಎರಡನ್ನೂ ಕಟ್ಟಿರುವುದರಿಂದ. ಒಂದು ಕಡೆಯ ಟೈ ರಾಡ್ ಎಂಡ್ ಬಿಚ್ಚಿ ಬೇರೆ ಬೇರೆ ತಿರುಗಿಸಿ. ಯಾವ ಚಕ್ರ ಗಟ್ಟಿಯೋ ಆ ಕಡೆ ಕಿಂಗ್ ಪಿನ್.

ಗುಂಯ್ ಶಬ್ದಕ್ಕೆ ಡಬ್ಬಿಯಿಂದ ಪಂಪಿಗೆ ಬರುವ ದಪ್ಪ ಪೈಪ್ ನೋಡಿ. ಅದು ಎಳೆಯುವ ಕಡೆಯ ಪೈಪು. ಅಲ್ಲಿ ಸಂದಿ ಇದ್ದರೆ ಓಡುವಾಗ ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಇಲ್ಲ, ಡಬ್ಬಿಯಲ್ಲಿ ನೊರೆ ಇದೆ, ಲೆಕ್ಕ ಕೂಡುತ್ತದೆ. ಬೆಳಿಗ್ಗೆ ಶಬ್ದ ಬರುವಾಗಲೇ ಆ ಪೈಪಿನ ಕ್ಲಿಪ್ ಸುತ್ತ ಗಟ್ಟಿ ಗ್ರೀಸ್ ಮೆತ್ತಿ. ಬೆಲ್ಟಿನ ಕಡೆ ಕೈ ಹೋಗದಂತೆ ನೋಡಿಕೊಳ್ಳಿ. ಶಬ್ದ ಬದಲಾದರೆ ಕಳ್ಳ ಸಿಕ್ಕ.

ಬೆಲ್ಟ್_ಬಸಣ್ಣ

ಪಂಪಿನ ಮುಂದಿನ ಸೀಲಿನಿಂದಲೂ ಗಾಳಿ ಎಳೆಯಬಹುದು. ಅದನ್ನು ಯಾಕೆ ಹೇಳುತ್ತಿಲ್ಲ?

ಜಾಕಿ_ಮಾಮ

ಎಳೆಯಬಹುದು, ಒಪ್ಪಿದೆ. ಪೈಪ್ ಆದ ಮೇಲೆ ಅದು.

ಆಲ್ದೂರು_407

ಬಲಗಡೆ ಕಿಂಗ್ ಪಿನ್ನೇ. ಟೈ ರಾಡ್ ಬಿಚ್ಚಿದಾಗ ಎಡಗಡೆ ಚಕ್ರ ಒಂದು ಕೈಗೆ ಬಂತು, ಬಲಗಡೆಯದು ಅಲ್ಲಾಡಲೂ ಇಲ್ಲ. ಕಾರಣ ಕೇಳಿದರೆ ನಗುತ್ತೀರಿ. ಬಾಡಿ ಕಟ್ಟಿಸಿದಾಗ ಪೇಂಟ್ ಹೊಡೆದವರು ಚಾಸಿಗೂ ಆಕ್ಸಲಿಗೂ ಸೇರಿಸಿ ಕಪ್ಪು ಬಣ್ಣ ಬಳಿದಿದ್ದಾರೆ. ಬಲಗಡೆ ಮೇಲಿನ ಗ್ರೀಸ್ ನಿಪ್ಪಲ್ (ಗ್ರೀಸ್ ಹೊಡೆಯುವ ಮೊಳೆಯಂಥ ತೂತು) ಪೇಂಟಿನಲ್ಲಿ ಮುಚ್ಚಿಹೋಗಿದೆ. ಅಲ್ಲೊಂದು ನಿಪ್ಪಲ್ ಇದೆ ಅಂತ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಗ್ರೀಸ್ ಹೊಡೆಯುವವರು ಕಂಡದ್ದಕ್ಕೆ ಮಾತ್ರ ಹೊಡೆದಿದ್ದಾರೆ. ಪಿನ್ ಹೊರಗೆ ತೆಗೆದಾಗ ಮೇಲಿನ ಅರ್ಧ ಒಣಗಿ ಕೆಂಪು ತುಕ್ಕಿನ ಪುಡಿ ಉದುರಿತು. ಕೆಳಗಿನ ಅರ್ಧದಲ್ಲಿ ಗ್ರೀಸ್ ಹಸಿಯಾಗೇ ಇತ್ತು. ಒಂದೇ ಪಿನ್ನು, ಎರಡು ಬಣ್ಣ.

ಗ್ರೀಸ್ ಮೆತ್ತುವ ಪರೀಕ್ಷೆಯನ್ನೂ ಮಾಡಿದೆ. ಪಂಪ್ ಕಡೆಯ ಕ್ಲಿಪ್ಪಿಗೆ ಮೆತ್ತಿದಾಗ ಏನೂ ಆಗಲಿಲ್ಲ. ಡಬ್ಬಿ ಕಡೆಯದಕ್ಕೆ ಮೆತ್ತುತ್ತಿದ್ದ ಹಾಗೆ ಶಬ್ದ ಅರ್ಧಕ್ಕೆ ಇಳಿಯಿತು.

ಪೈಪ್ ಬಿಚ್ಚಿ ಉದ್ದಕ್ಕೆ ಸೀಳಿ ನೋಡಿದೆ. ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ಒಳಗಿನ ಪದರ ಒಂದು ಕಡೆ ಕಿತ್ತು ನಾಲಿಗೆ ಚಾಚಿದೆ. ಆಯಿಲಿನ ಪೈಪೇ ಅಲ್ಲ, ಯಾವುದೋ ನೀರಿನ ಹೋಸ್ ಹಾಕಿದ್ದಾರೆ.

ಲೇತ್_ಮೇಷ್ಟ್ರು

ಆಯಿಲಿಗೆ ತಡೆಯುವ, ಎಳೆತಕ್ಕೆ ಮುದುಡದ ಪೈಪ್ ಹಾಕಿಸಿ. ಡಬ್ಬಿ ಎಲ್ಲಿದೆ? ಪಂಪಿಗಿಂತ ಮೇಲೆ ಇರಬೇಕು.

ಆಲ್ದೂರು_407

ಬ್ಯಾಟರಿಗೆ ಜಾಗ ಮಾಡಲು ಕೆಳಗೆ ಇಳಿಸಿದ್ದಾರೆ ಮೇಷ್ಟ್ರೇ, ಪಂಪಿನ ಸಮಕ್ಕೇ ಇದೆ. ಮೇಲೆ ಕೂರಿಸಲು ಬ್ರಾಕೆಟ್ ಮಾಡಿಸುತ್ತೇನೆ.

ಸಕಲೇಶಪುರ_ಲೋಡ್

ಹೊಸ ಆಯಿಲ್ ಹಾಕಿದ ಮೇಲೆ ಏರ್ ತೆಗೆಯುವುದನ್ನು ಅವಸರ ಮಾಡಬೇಡಿ. ಚಕ್ರ ಮೇಲೆತ್ತಿ, ಎಂಜಿನ್ ಆಫ್ ಇಟ್ಟೇ ಈ ಲಾಕಿನಿಂದ ಆ ಲಾಕಿಗೆ ನಿಧಾನ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆ ಬರುತ್ತದೆ, ಆಯಿಲ್ ಇಳಿಯುತ್ತದೆ, ತುಂಬಿಸುತ್ತಾ ಇರಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ರೇಸ್ ಕೊಡಬೇಡಿ. ಲಾಕಿಗೆ ತಂದು ಒತ್ತಿ ಹಿಡಿಯಬೇಡಿ, ಆಯಿಲ್ ಕಾಯುತ್ತದೆ. ಪೂರ್ತಿ ಲಾಕಿನಲ್ಲಿ ಸ್ವಲ್ಪ ಶಬ್ದ ಬಂದರೆ ಅದು ರಿಲೀಫ್ ವಾಲ್ವ್ ತೆರೆದ ಶಬ್ದ, ಹೆದರಬೇಡಿ.

ಹೊಸಬ_ಹಾಸನ

ಕಿಂಗ್ ಪಿನ್ನಿಗೆ ಗ್ರೀಸ್ ಎಷ್ಟು ದಿನಕ್ಕೆ?

ಮೂಡಿಗೆರೆ_ಜೀಪು

ಮಲೆನಾಡಿನಲ್ಲಿ ದಿನದ ಲೆಕ್ಕ ಹಿಡಿಯಬೇಡಿ. ನೀರಿನಲ್ಲಿ ಇಳಿದು ಬಂದಾಗ, ಪ್ರೆಷರ್ ವಾಶ್ ಮಾಡಿಸಿದಾಗ ಹೊಡೆಯಿರಿ. ಆ ವಾಶ್ ಕೆಸರಿನ ಜೊತೆ ಗ್ರೀಸನ್ನೂ ತೆಗೆದುಬಿಡುತ್ತದೆ. ಹೊಡೆಯುವಾಗ ಆಕ್ಸಲ್ ಎತ್ತಿಯೇ ಹೊಡೆಯಿರಿ. ಚಕ್ರ ನೆಲದ ಮೇಲಿದ್ದರೆ ಭಾರ ಬಿದ್ದ ಕಡೆ, ಕೆಳಗಿನ ಬೇರಿಂಗಿಗೆ, ಗ್ರೀಸ್ ಹೋಗುವುದಿಲ್ಲ. ಹಳೇ ಗ್ರೀಸ್ ಅಂಚಿನಿಂದ ಹೊರಗೆ ಬರುವ ತನಕ ಹೊಡೆಯಬೇಕು.

ಆಲ್ದೂರು_407

ಕೆಲಸ ಮುಗಿಯಿತು. ಎರಡೂ ಕಡೆ ಕಿಂಗ್ ಪಿನ್, ಬುಷ್, ಬೇರಿಂಗ್ ಹೊಸದು. ಬುಷ್ ಕೂರಿಸಿ ರೀಮರ್ ಹಾಕಿದ್ದು ಹಾಸನದ ಲೇತಿನಲ್ಲಿ. ಎಳೆಯುವ ಪೈಪು, ಫಿಲ್ಟರು, ಬೆಲ್ಟು ಹೊಸದು. ಹಳೇ ಬೆಲ್ಟಿನ ಒಳಮೈ ಕನ್ನಡಿಯಷ್ಟು ನುಣುಪಾಗಿತ್ತು, ಅದೂ ಜಾರುತ್ತಿತ್ತು ಅಂತ ಕಾಣುತ್ತದೆ.

ಮೇಷ್ಟ್ರು ಹೇಳಿದ ಗೇಜ್ ಒಬ್ಬ ಟ್ರ್ಯಾಕ್ಟರ್ ಹೈಡ್ರಾಲಿಕ್‌ನವರ ಹತ್ತಿರ ಸಿಕ್ಕಿತು. ವಾಲ್ವ್ ಮುಚ್ಚಿದಾಗ ಮುಳ್ಳು ಪ್ಲೇಟಿನ ಮೇಲೆ ಬರೆದಷ್ಟಕ್ಕೆ ಹೋಗಿ ನಿಂತಿತು. ಪಂಪ್ ಬದಲಾಯಿಸಿಲ್ಲ. ಬಾಕ್ಸ್ ಮುಟ್ಟಿಲ್ಲ.

ಈಗ ಬೆಳಿಗ್ಗೆ ಶಬ್ದ ಇಲ್ಲ. ತಿರುವು ಮುಗಿಯುತ್ತಿದ್ದ ಹಾಗೆ ಸ್ಟೀರಿಂಗ್ ಕೈಯಲ್ಲಿ ಜಾರಿ ವಾಪಸ್ ಬರುತ್ತದೆ. ಟ್ಯಾಂಕ್ ತುಂಬಿದ್ದಾಗ ನಿಂತಲ್ಲಿ ಇನ್ನೂ ಸ್ವಲ್ಪ ಭಾರ ಇದೆ. ಗೌಡ್ರು ಹೇಳಿದ ಹಾಗೆ ತೂಗಿಸಿದೆ, ಮುಂದೆ ಜಾಸ್ತಿಯೇ ಇದೆ. ಟ್ಯಾಂಕನ್ನು ಹಿಂದಿನ ಆಕ್ಸಲ್ ಹತ್ತಿರಕ್ಕೆ ಸರಿಸುವ ಯೋಚನೆ.

ಬೆಲ್ಟ್_ಬಸಣ್ಣ

ಒಳ್ಳೇದಾಯಿತು. ಆದರೆ ಬರೆದಿಟ್ಟುಕೊಳ್ಳಿ, ಅಷ್ಟು ದಿನ ಗಾಳಿ ಕುಡಿದ ಪಂಪು ಮಳೆಗಾಲ ದಾಟುವುದಿಲ್ಲ.

ಜಾಕಿ_ಮಾಮ

ಗೇಜ್ ನೋಡಿದ ಮೇಲೂ?

ಬೆಲ್ಟ್_ಬಸಣ್ಣ

ಗೇಜ್ ಇವತ್ತಿನದು ಹೇಳುತ್ತದೆ, ನಾನು ಆಷಾಢದ್ದು ಹೇಳುತ್ತಿದ್ದೇನೆ.

ಆಲೂಗಡ್ಡೆ_ಗೌಡ

ಟ್ಯಾಂಕ್ ಪೂರ್ತಿ ಹಿಂದಕ್ಕೆ ತಳ್ಳಬೇಡಿ. ಆಕ್ಸಲಿನಿಂದ ಆಚೆ ಹೋದರೆ ಮೂತಿ ಹಗುರ ಆಗುತ್ತದೆ, ಮಳೆಯಲ್ಲಿ ಮುಂದಿನ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಎರಡು ಆಕ್ಸಲ್ಲಿನ ನಡುವೆಯೇ ಇರಲಿ. ಟ್ಯಾಂಕಿನ ಒಳಗೆ ಅಡ್ಡ ತಡೆ ಹಾಕಿಸಿ. ಇಲ್ಲದಿದ್ದರೆ ಅರ್ಧ ತುಂಬಿದಾಗ ತಿರುವಿನಲ್ಲಿ ನೀರು ಒಂದು ಕಡೆಗೆ ನುಗ್ಗುತ್ತದೆ.

ಅರಸೀಕೆರೆ_ಮಾಜ್ಡಾ

ಎಲ್ಲ ಓದಿದೆ. ನನ್ನದು ಮಾಜ್ಡಾ ಮಿನಿ ಬಸ್ಸು. ಎಡಕ್ಕೆ ಹಗುರ, ಬಲಕ್ಕೆ ಮಾತ್ರ ಗಟ್ಟಿ. ಇದೂ ಕಿಂಗ್ ಪಿನ್ನಾ?

ಜಾಕಿ_ಮಾಮ

ಒಂದೇ ಕಡೆಗೆ ಗಟ್ಟಿ ಅಂದರೆ ನನಗೆ ಬಾಕ್ಸಿನ ಒಳಗಿನ ವಾಲ್ವ್ ಮೇಲೆ ಅನುಮಾನ. ಚಕ್ರ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ, ಸ್ಟೀರಿಂಗಿನಿಂದ ಕೈ ತೆಗೆದು ನಿಂತು ನೋಡಿ. ತಾನಾಗಿ ಒಂದು ಕಡೆಗೆ ಓಡಿದರೆ ವಾಲ್ವೇ. ಕೈ, ಪಂಚೆ, ಎಲ್ಲ ದೂರ ಇರಲಿ. ಹೊಸ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಬಸಣ್ಣನನ್ನೂ ಕರೆಯಿರಿ.

ಬೆಲ್ಟ್_ಬಸಣ್ಣ

ಕರೆಯದಿದ್ದರೂ ಬರುತ್ತೇನೆ.